ಹೆಚ್ಚು ಬಾಗಿದವಳಿಗೆ ಕಡಿಮೆ ಅಂಕ ಏಕೆ? ಯೋಗಾಸನ ಸ್ಪರ್ಧೆಯ ತೀರ್ಪಿನ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ:

ನನ್ನ ಮಗಳು ನಾಲ್ಕು ವರ್ಷಗಳಿಂದ ಯೋಗಾಭ್ಯಾಸ ಮಾಡುತ್ತಿದ್ದು, ಕಳೆದ ತಿಂಗಳು ಮೊದಲ ಬಾರಿಗೆ ಸಾಂಪ್ರದಾಯಿಕ ಯೋಗಾಸನ ವಿಭಾಗದಲ್ಲಿ ಸ್ಪರ್ಧಿಸಿದಳು. ಅಂಗೈ ಮತ್ತು ಪಾದಗಳನ್ನು ನೆಲಕ್ಕೂರಿ ದೇಹವನ್ನು ಹಿಂದಕ್ಕೆ ಕಮಾನಿನಂತೆ ಬಾಗಿಸುವ ಚಕ್ರಾಸನದಲ್ಲಿ ಅವಳ ಬೆರಳುಗಳು ಹಿಮ್ಮಡಿಗೆ ತಾಗುವಷ್ಟು ಹತ್ತಿರ ಬಂದಿದ್ದವು. ಪಕ್ಕದ ಮ್ಯಾಟಿನ ಹುಡುಗಿಯ ಕೈಗಳಿಗೂ ಪಾದಗಳಿಗೂ ನಡುವೆ ಒಂದು ಮೊಳದಷ್ಟು ಅಂತರವಿತ್ತು. ಆದರೂ ಆ ಆಸನಕ್ಕೆ ಆ ಹುಡುಗಿಗೇ ಹೆಚ್ಚು ಅಂಕ ಬಂತು. ತೀರ್ಪನ್ನು ದೂರುವ ಉದ್ದೇಶ ನನಗಿಲ್ಲ. ತೀರ್ಪುಗಾರರು ನಿಜವಾಗಿ ಏನನ್ನು ನೋಡುತ್ತಾರೆ ಎಂಬುದನ್ನು ತಿಳಿದವರು ವಿವರಿಸಿದರೆ ಮುಂದಿನ ಅಭ್ಯಾಸಕ್ಕೆ ಅನುಕೂಲವಾದೀತು.

ಉತ್ತರ 1 (ಕೆಲವು ಸ್ಪರ್ಧೆಗಳಲ್ಲಿ ತೀರ್ಪುಗಾರಳಾಗಿದ್ದೆ):

ಎಷ್ಟು ಬಾಗಿದರು ಎಂಬುದು ನಮ್ಮ ಕಣ್ಣಿಗೆ ಬೀಳುವ ಹಲವು ಸಂಗತಿಗಳಲ್ಲಿ ಒಂದು ಮಾತ್ರ. ಚಕ್ರಾಸನದಲ್ಲಿ ನಾನು ಮೊದಲು ಪಾದಗಳನ್ನು ನೋಡುತ್ತೇನೆ. ಹಿಮ್ಮಡಿ ಎತ್ತಿದೆಯೇ, ಪಾದಗಳು ಹೊರಕ್ಕೆ ತಿರುಗಿವೆಯೇ, ಮಂಡಿಗಳು ಸೊಂಟಕ್ಕಿಂತ ಅಗಲವಾಗಿ ತೆರೆದುಕೊಂಡಿವೆಯೇ ಎಂಬುದನ್ನು ಗಮನಿಸಿ, ಆಮೇಲೆ ಮೊಣಕೈ ನೇರವಾಗಿದೆಯೇ ಎಂದು ನೋಡುತ್ತೇನೆ. ಕೈಯನ್ನು ಕಾಲಿನ ಹತ್ತಿರ ತರುವ ಅವಸರದಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವುದು ಇದನ್ನೇ: ಎದೆ ಮತ್ತು ಭುಜಗಳನ್ನು ತೆರೆಯದೆ, ಸೊಂಟದ ಕೆಳಭಾಗವೊಂದನ್ನೇ ಮಡಚಿ, ಮಂಡಿಗಳನ್ನು ಅಗಲಿಸಿ ಜಾಗ ಮಾಡಿಕೊಳ್ಳುತ್ತಾರೆ. ಸಭಿಕರಿಗೆ ಅದು ಅದ್ಭುತವಾಗಿ ಕಾಣುತ್ತದೆ, ನಮಗೆ ಅಂಕ ಕಳೆಯುವ ಜಾಗವಾಗಿ ಕಾಣುತ್ತದೆ.

ಎರಡನೆಯದು ಸ್ಥಿರತೆ. ನಿಗದಿತ ಸಮಯದ ಎಣಿಕೆ ಆರಂಭವಾಗುವುದು ಸ್ಪರ್ಧಿ ಅಂತಿಮ ಸ್ಥಿತಿಯನ್ನು ತಲುಪಿದ ಮೇಲೆಯೇ ಹೊರತು ಆಸನಕ್ಕೆ ಇಳಿಯುವಾಗ ಅಲ್ಲ. ಆ ಅವಧಿಯಲ್ಲಿ ಅಂಗೈಯನ್ನು ಒಮ್ಮೆ ಎತ್ತಿ ಇಟ್ಟರೂ, ತೊಡೆ ನಡುಗಿದರೂ, ಉಸಿರು ಬಿಗಿಹಿಡಿದು ಮುಖ ಕೆಂಪಾದರೂ ಅದು ದಾಖಲಾಗುತ್ತದೆ. ಪತಂಜಲಿಯ ‘ಸ್ಥಿರಸುಖಮಾಸನಂ’ ಎಂಬ ಸೂತ್ರದಲ್ಲಿ ಸ್ಥಿರವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯಬಹುದು. ಸುಖಕ್ಕೆ ಮಾಪಕವಿಲ್ಲದ ಕಾರಣ ಸ್ಪರ್ಧಿಯ ಮುಖ ಮತ್ತು ಉಸಿರಾಟವನ್ನೇ ನಂಬಬೇಕಾಗುತ್ತದೆ. ಆಸನದಿಂದ ಹೊರಬರುವ ರೀತಿಗೂ ಅಂಕವಿದೆ. ಸಮಯ ಮುಗಿಯಿತೆಂದು ಧೊಪ್ಪನೆ ಬೆನ್ನು ಕೆಳಗೆ ಬಿಟ್ಟವರು ಗಳಿಸಿದ್ದನ್ನು ಅಲ್ಲೇ ಕಳೆದುಕೊಂಡಿರುವುದನ್ನು ನೋಡಿದ್ದೇನೆ.

ಉತ್ತರ 2 (ಹಿಂದೆ ಸ್ಪರ್ಧಿ, ಈಗ ತರಬೇತುದಾರ):

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ: ಮ್ಯಾಟಿನ ಮೇಲೆ ಯಾವ ದಿಕ್ಕಿಗೆ ನಿಲ್ಲಬೇಕು ಎಂಬುದನ್ನೂ ಕಲಿಸಬೇಕು. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನವನ್ನು ತೀರ್ಪುಗಾರರಿಗೆ ಎದುರಾಗಿ ಕುಳಿತು ಮಾಡಿದರೆ ಅವರಿಗೆ ಕಾಣುವುದು ಅಂಗಾಲು ಮತ್ತು ನೆತ್ತಿ ಮಾತ್ರ. ಪಕ್ಕಕ್ಕೆ ತಿರುಗಿ ಕುಳಿತರೆ ಬೆನ್ನಿನ ರೇಖೆ, ನೆಲಕ್ಕೆ ಅಂಟಿದ ಮಂಡಿ, ಕಾಲಿನ ಮೇಲೊರಗಿದ ಹಣೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ವಿಭಾಗದ ವ್ಯತ್ಯಾಸವೂ ಗೊತ್ತಿರಲಿ. ಭಾರತದಲ್ಲಿ 2020ರ ಡಿಸೆಂಬರ್‌ನಲ್ಲಿ ಯೋಗಾಸನಕ್ಕೆ ಸ್ಪರ್ಧಾತ್ಮಕ ಕ್ರೀಡೆಯ ಮಾನ್ಯತೆ ಸಿಕ್ಕಾಗ ಸಾಂಪ್ರದಾಯಿಕದ ಜೊತೆಗೆ ಕಲಾತ್ಮಕ ಮತ್ತು ಲಯಬದ್ಧ ವಿಭಾಗಗಳೂ ಇದ್ದವು. ಅವುಗಳಲ್ಲಿ ಸಂಗೀತಕ್ಕೆ ಹೊಂದಿಕೆ, ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ಸೊಗಸು, ಜೋಡಿಯಾದರೆ ಇಬ್ಬರ ಏಕಕಾಲಿಕ ಚಲನೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಾಂಪ್ರದಾಯಿಕದಲ್ಲಿ ಅಂಥ ಆಸರೆಯಿಲ್ಲ, ಒಂದೊಂದು ಆಸನವೂ ತಾನೇ ನಿಲ್ಲಬೇಕು.

ಉತ್ತರ 3:

ಇಷ್ಟೆಲ್ಲ ಇದ್ದರೂ ಕೊನೆಗೆ ಅದು ಮನುಷ್ಯರ ಅಂದಾಜು ತಾನೇ? ಒಬ್ಬ ತೀರ್ಪುಗಾರರಿಗೆ ಮಗು ಇಷ್ಟವಾಗದಿದ್ದರೆ ಏನು ಗತಿ?

ಉತ್ತರ 1ರವರಿಂದ:

ಅಂದಾಜೆಂಬುದು ನಿಜ, ಅದಕ್ಕಾಗಿಯೇ ಹಲವು ಸ್ಪರ್ಧೆಗಳಲ್ಲಿ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಉದಾಹರಣೆಗೆ ಐವರು 8.4, 8.5, 8.6, 7.1 ಮತ್ತು 8.8 ಕೊಟ್ಟರೆ 7.1 ಮತ್ತು 8.8 ಬಿದ್ದುಹೋಗಿ ಅಂಕ 8.5 ಆಗುತ್ತದೆ. ಒಬ್ಬರ ಮುನಿಸು ಹೀಗೆ ನಿವಾರಣೆಯಾಗುತ್ತದೆ. ಆದರೆ ಐವರೂ ಒಂದೇ ಬದಿಯಲ್ಲಿ ಕುಳಿತು, ಆ ಬದಿಯಿಂದ ಕಾಣದ ತಪ್ಪನ್ನು ಐವರೂ ಬಿಟ್ಟುಬಿಟ್ಟರೆ ಈ ಲೆಕ್ಕದಿಂದ ಪ್ರಯೋಜನವಿಲ್ಲ. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ನೆಲಕ್ಕೆ ಕೂರುವ ಹನುಮಾನಾಸನದಲ್ಲಿ ಸೊಂಟ ಓರೆಯಾಗಿರುವುದು ಪಕ್ಕದಿಂದ ಸರಿಯಾಗಿ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ಮೊಬೈಲಿನಲ್ಲಿದ್ದ ವಿಡಿಯೋವನ್ನು ನಿನ್ನೆ ರಾತ್ರಿ ನಿಧಾನಗತಿಯಲ್ಲಿ ನೋಡಿದೆವು. ಎರಡೂ ಹಿಮ್ಮಡಿಗಳು ನೆಲ ಬಿಟ್ಟಿದ್ದವು, ಎಡಗೈ ಎರಡು ಬಾರಿ ಜಾಗ ಬದಲಿಸಿತ್ತು. ಎರಡನೆಯದನ್ನು ನನಗಿಂತ ಮೊದಲು ಗುರುತಿಸಿದ್ದು ಮಗಳೇ.