ಬಾಣಂತನಕ್ಕೆ ಮ್ಯೂನಿಕ್‌ಗೆ ಹೊರಟಿದ್ದೀನಿ, ಯಾವ ಮಾತು ಕಲಿತು ಹೋಗ್ಲಿ?

ತೀರ್ಥಹಳ್ಳಿ ಕಡೆಯಿಂದ: ಮಗಳ ಬಾಣಂತನ, ಮೂರು ತಿಂಗಳು ಅಲ್ಲೇ. ಅಡಿಕೆ ಕೊಯ್ಲು ಮುಗಿಸಿ ಹೊರಡೋದು. ಅಳಿಯ ಆಫೀಸಿಗೆ ಹೋದ ಮೇಲೆ ಅಂಗಡಿ-ಗಿಂಗಡಿ ನಂದೇ. ಇಂಗ್ಲಿಷೇ ಅಷ್ಟಕ್ಕಷ್ಟೆ. ಜರ್ಮನ್ ಪುಸ್ತಕ ತೆಗೆದ್ರೆ 'ನನ್ನ ಹವ್ಯಾಸ ಈಜುವುದು' ಅಂತ ಕಲಿಸ್ತಾರೆ. ಹೋಗಿ ಬಂದವರು ಹೇಳಿ, ನಿಜಕ್ಕೂ ಬೇಕಾಗಿದ್ದು ಎಂತ?

ಸಾಗರದಿಂದ: ಅಕ್ಕಾ, ನಾನು ನಲವತ್ತು ವಾಕ್ಯ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಪ್ರಶ್ನೆ ಚೆನ್ನಾಗೇ ಕೇಳ್ತಿದ್ದೆ, ಅವರು ಉತ್ತರ ಶುರು ಮಾಡಿದ್ರೆ ಕಣ್ಣುಕಣ್ಣು ಬಿಡ್ತಿದ್ದೆ. ಹಾಗಾಗಿ ಅವರು ನಿಮಗೆ ಹೇಳೋದನ್ನ ಮೊದಲು ಕಲೀರಿ. ಬ್ರೆಡ್ ಅಂಗಡೀಲಿ 'ನೊಖ್ ಎಟ್‌ವಾಸ್?' ಅಂದ್ರೆ ಇನ್ನೇನಾದ್ರೂ ಬೇಕಾ ಅಂತ. 'ಬಾರ್' ಅಂದ್ರೆ ನಗದು, ನಮ್ಮೂರ ಬಾರ್ ಅಲ್ಲ. 'ಬಿಟೆ' ಅನ್ನೋದು ನಮ್ಮ 'ಹ್ಞಾಂ' ಇದ್ದಂಗೆ: ದಯವಿಟ್ಟು, ಪರವಾಗಿಲ್ಲ, ತಗೊಳ್ಳಿ, ಎಂತ ಅಂದ್ರಿ, ಎಲ್ಲದಕ್ಕೂ ಅದೇ, ರಾಗ ಮಾತ್ರ ಬೇರೆ.

ಕಷ್ಟ ಇರೋದು ಸಂಖ್ಯೇಲಿ. ನಾವು ನಲವತ್ಮೂರು ಅಂದ್ರೆ ಅವರು 'ಮೂರು-ಮತ್ತು-ನಲವತ್ತು' ಅಂತಾರೆ, ಡ್ರೈ-ಉಂಟ್-ಫಿಯರ್ತ್ಸಿಷ್. ಮಗಳ ಗೆಳತಿ ಫೋನಲ್ಲಿ ಮನೆ ನಂಬರ್ ಹೇಳಿದ್ಲು, ನಾನು ಮೊದಲು ಕೇಳಿದ ಮೂರನ್ನ ಮೊದಲು ಬರೆದೆ. 34ನೇ ನಂಬರ್ ಮನೆ ಬೆಲ್ ಒತ್ತಿದ್ರೆ ಬಾಗಿಲು ತೆಗೆದಿದ್ದು ಒಬ್ಬರು ಅಜ್ಜಿ. ನನ್ನ ಕೈಯಲ್ಲಿ ಬಿಸಿ ಉಪ್ಪಿಟ್ಟಿನ ಡಬ್ಬಿ. ಬಾಯಿಗೆ ಬಂದಿದ್ದು 'ಗ್ರೂಸ್ ಗೊಟ್' ಒಂದೇ, ಆ ಕಡೆ ನಮಸ್ಕಾರ ಅಂದಂಗೆ. ಅಜ್ಜಿ ಮುಖ ಅರಳ್ತು. ಚೀಟಿ ನೋಡಿ, ಚಪ್ಪಲಿ ಮೆಟ್ಟಿ, 43ರ ತನಕ ಬಂದು ಬಿಟ್ಟು ಹೋದ್ರು.

ಹೊಸನಗರದಿಂದ: ಸಸ್ಯಾಹಾರಿಗಳಾದ್ರೆ 'ಫ್ಲೈಶ್', ಅಂದ್ರೆ ಮಾಂಸ, ಬೇಡ ಅಂದ್ರೆ ಸಾಲದು. ಹುರುಳಿಕಾಯಿ ಪಲ್ಯ ಅಂದ್ಕೊಂಡು ತಗೊಂಡೆ, ಒಳಗೆ 'ಶ್ಪೆಕ್' ಅನ್ನೋ ಹಂದಿ ಮಾಂಸದ ಚೂರು. 'ಶ್ಮಾಲ್ಟ್ಸ್' ಅಂದ್ರೆ ಹೆಚ್ಚಾಗಿ ಹಂದಿ ಕೊಬ್ಬು. ಈ ಎರಡು ಪದ ಓದೋಕೆ ಬರ್ಲೇಬೇಕು. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಹುಡುಕ್ತೀರಲ್ಲ, ಅದು 'ಡಿಲ್', ತರಕಾರಿ ಸಾಲಲ್ಲೇ ಸಿಗ್ತದೆ. ಭಾನುವಾರ ಅಂಗಡಿ ಮುಚ್ಚಿರ್ತವೆ, ಶನಿವಾರವೇ ತಂದಿಟ್ಕೊಳ್ಳಿ.

ಶಿವಮೊಗ್ಗದಿಂದ: ಇಷ್ಟೆಲ್ಲ ಎಂತಕ್ಕೆ? ಫೋನಲ್ಲಿ ಅನುವಾದದ ಆಪ್ ಇದೆಯಲ್ಲ.

ಸಾಗರದಿಂದ: ಇದೆ ಮಾರಾಯ್ರೆ, ನಾನೂ ಬಳಸಿದ್ದೀನಿ. ಒಂದು ಕೈಲಿ ಮಗು, ಇನ್ನೊಂದು ಕೈಲಿ ಚೀಲ, ಹಿಂದೆ ಹತ್ತು ಜನರ ಸಾಲು ಇದ್ದಾಗ ಆಪ್ ತೆಗೆದು ನೋಡಿ, ಗೊತ್ತಾಗ್ತದೆ.

ಕೊಪ್ಪದಿಂದ: ಹೆರಿಗೆ ಆದ ಮೇಲೆ 'ಹೆಬಾಮೆ' ಅಂದ್ರೆ ಸೂಲಗಿತ್ತಿ ಮನೆಗೇ ಬರ್ತಾರೆ. 12 ವಾರದ ತನಕ ಅವರ ಖರ್ಚನ್ನ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ನೋಡ್ಕೊಳ್ತದೆ. ಮಗಳು ನಿದ್ದೆ ಮಾಡ್ತಿದ್ರೆ ಬಾಗಿಲು ತೆಗೆಯೋದು ನೀವೇ. ಜ್ವರಕ್ಕೆ 'ಫೀಬರ್', ನೋವಿಗೆ 'ಶ್ಮೆರ್ತ್ಸನ್', ಹಾಲಿಗೆ 'ಮಿಲ್ಶ್', ಇವಿಷ್ಟರಲ್ಲಿ ನನ್ನ ಸಂಸಾರ ನಡೀತು. ನಾವು ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯೋ ವಿಷಯಕ್ಕೆ ಆಕೆ ಏನೋ ಉದ್ದಕ್ಕೆ ಹೇಳಿದ್ರು, ಅರ್ಥ ಆಗದಿದ್ದಿದ್ದು ಒಳ್ಳೇದೇ ಆಯ್ತು.

ಪದಗಳನ್ನ ಕನ್ನಡ ಅಕ್ಷರದಲ್ಲೇ ಬರ್ಕೊಳ್ಳಿ, ಅದೂ ಮಗಳು ಫೋನಲ್ಲಿ ಹೇಳಿದ್ದನ್ನ ಕಿವಿಗೆ ಕೇಳಿದಂಗೆ. ಇಂಗ್ಲಿಷ್ ಓದಿದಂಗೆ ಓದಿದ್ರೆ ಎಲ್ಲಾ ತಪ್ತದೆ. ನಮ್ಮಲ್ಲಿ ಇಲ್ಲದ ಒಂದು ಸ್ವರ ಇದೆ, 'ಗ್ರೂಸ್'ನಲ್ಲಿ ಬರೋದು: ತುಟಿ 'ಊ' ಅನ್ನೋ ಹಾಗೆ ಇಟ್ಟು 'ಈ' ಅನ್ನಿ. ಮೊಮ್ಮಗು ನಗ್ತದೆ.

ಶೃಂಗೇರಿಯಿಂದ: ಬಾಗಿಲ ಮೇಲೆ 'ಡ್ರ್ಯೂಕನ್' ಇದ್ರೆ ನೂಕೋದು, 'ತ್ಸೀಯನ್' ಇದ್ರೆ ಎಳೆಯೋದು. 'ಔಸ್‌ಗಾಂಗ್' ಹೊರಗೆ ಹೋಗೋ ದಾರಿ. ತುರ್ತಿಗೆ 112. ಮಗಳ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಪರ್ಸಲ್ಲಿರಲಿ. ಹೊರಡುವಾಗ ಅವರು 'ಔಫ್ ವೀಡರ್‌ಝೇಯನ್' ಅಂತಾರೆ, ಮತ್ತೆ ನೋಡೋ ತನಕ ಅಂತ. ನಾವು 'ಬರ್ತೀನಿ' ಅನ್ನೋರಿಗೆ ಅದು ಬೇಗ ಹತ್ತುತ್ತೆ.

ತೀರ್ಥಹಳ್ಳಿ ಕಡೆಯಿಂದ: ಎಲ್ಲರಿಗೂ ಉಪಕಾರ ಆಯ್ತು. ನಿನ್ನೆ ರಾತ್ರಿ ಅಡಿಕೆ ಸುಲಿಯೋರ ಡಬ್ಬದ ಲೆಕ್ಕ ಜರ್ಮನ್ನಲ್ಲೇ ಹಾಕಿದೆ. ಇಪ್ಪತ್ತರ ತನಕ ಸರಿ ಹೋಯ್ತು. 'ಒಂದು-ಮತ್ತು-ಇಪ್ಪತ್ತು' ಬಂದಾಗ ಸುಲಿಯೋಳೊಬ್ಬಳು ಕತ್ತಿ ನಿಲ್ಲಿಸಿ, 'ಅಮ್ಮಾ, ನಂದು ಒಂದು ಡಬ್ಬ ಕಮ್ಮಿ ಬರಕೊಂಡ್ರಾ?' ಅಂದ್ಲು.