ತೇಜಸ್ವಿ: ಕಾದಂಬರಿಯಿಂದ ಶುರು ಮಾಡಲೋ, ಲೇಖನಗಳಿಂದಲೋ? ಅನುಭವ ಹೇಳಿ

ಹೊಸ ಓದುಗ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಒಂದನ್ನೇ ಓದಿದ್ದೇನೆ, ಅದೂ ಕಾಲೇಜಿನಲ್ಲಿ. ಕೈಯಲ್ಲಿ ಸಾವಿರ ರೂಪಾಯಿ ಇದೆ, ದಸರಾ ರಜೆ ಬಂತು. ಕಥೆ ಕಾದಂಬರಿ ತಗೊಳ್ಳಲೋ, ಪರಿಸರ ಕೃಷಿಯ ಬರಹಗಳನ್ನೋ?

ಕಳಸದ ಬೆಳೆಗಾರ: ‘ಸಹಜಕೃಷಿ’ ತಗೊಳ್ಳಿ. ಆದರೆ ನನ್ನ ಹಾಗೆ ಓದಬೇಡಿ. ಉಳುಮೆ, ಗೊಬ್ಬರ ಇಲ್ಲದೆ ಬೆಳೆ ತೆಗೆದ ಜಪಾನಿನ ರೈತ ಫುಕುವೋಕಾ ಹೆಸರು ನಾನು ಮೊದಲು ಕಂಡದ್ದೇ ಅದರಲ್ಲಿ. ಎರಡು ರಾತ್ರಿಯಲ್ಲಿ ಮುಗಿಸಿದೆ, ಮೂರನೇ ದಿನ ಕಳೆ ಹೊಡೆಯುವ ಆಳುಗಳಿಗೆ ಬರಬೇಡಿ ಅಂದೆ. ಎರಡು ಎಕರೆ ಅರೇಬಿಕಾ ಕಾಫಿ. ಗೊಬ್ಬರ ನಿಲ್ಲಿಸಿದೆ, ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಗಿಡ ಹುಡುಕಿ ಕೀಳುವುದನ್ನೂ ನಿಲ್ಲಿಸಿದೆ. 30 ಮೂಟೆ ಬರುತ್ತಿದ್ದದ್ದು 19 ಆಯ್ತು, ಮರುವರ್ಷ 8. ಒಣಗಿದ ಗಿಡದ ಕಾಂಡ ಸೀಳಿ ನೋಡಿದರೆ ಒಳಗೆ ಸುರಂಗ, ಅದರ ತುಂಬ ಹಿಟ್ಟಿನಂಥ ಪುಡಿ. 340 ಗಿಡ ಕಿತ್ತು ಸುಟ್ಟೆ. ಸಸಿ, ಗುಂಡಿ, ಕೂಲಿ ಅಂತ 27 ಸಾವಿರ, ಅದರ ಮೇಲೆ ಸಾಲದ ಬಡ್ಡಿ. ಪುಸ್ತಕದ್ದು ತಪ್ಪಲ್ಲ. ತೇಜಸ್ವಿಯವರೂ ಮೂಡಿಗೆರೆಯಲ್ಲಿ ಕಾಫಿ ಬೆಳೆದವರೇ. ಅವರು ‘ನೋಡು’ ಅಂದದ್ದನ್ನು ನಾನು ‘ಬಿಟ್ಟುಬಿಡು’ ಅಂತ ಓದಿಕೊಂಡೆ.

ಧಾರವಾಡದ ಓದುಗಿ: ಅವರು ಕೇಳಿದ್ದು ಪುಸ್ತಕ, ನಿಮ್ಮ ಬೋರರ್ ಅಲ್ಲ. ‘ತಬರನ ಕಥೆ’ ಓದ್ರಿ. ಅಪ್ಪ ತೀರಿಕೊಂಡ ಮೇಲೆ ಅವ್ವನ ಪಿಂಚಣಿಗೆ 14 ತಿಂಗಳು ಅಲೆದೆ. ಹೋಗಿ ಬರಲು ಬಸ್ಸಿಗೆ 62 ರೂಪಾಯಿ, ಪ್ರತಿ ಸಲ ಹೊಸ ಜೆರಾಕ್ಸ್, ಅಫಿಡವಿಟ್ ಮೂರು ಸಲ. ಒಮ್ಮೆ ಇನಿಷಿಯಲ್ ಹೆಸರಿನ ಮುಂದೆ ಬೇಕು ಅಂದರು, ಇನ್ನೊಮ್ಮೆ ಹಿಂದೆ. ಆ ಕಚೇರಿಯ ಬೆಂಚಿನ ಮೇಲೇ ತಬರ ತನ್ನ ಪಿಂಚಣಿಗೆ ಅಲೆಯುವುದನ್ನು, ಅತ್ತ ಹೆಂಡತಿಯ ಕಾಲು ಕೊಳೆಯುವುದನ್ನು ಓದಿದೆ. ಒಳಗಿಂದ ನನ್ನ ಹೆಸರು ಕೂಗಿದರು. ತಕ್ಷಣ ಏಳಲು ಆಗಲಿಲ್ಲ. ಇದೇ ಕಥೆಯ ಮೇಲೆ ಗಿರೀಶ ಕಾಸರವಳ್ಳಿಯವರು ಮಾಡಿದ ಸಿನಿಮಾ ನೋಡಿದರೆ ಸಾಕು ಅನ್ನುವವರ ಮಾತು ಕೇಳಬೇಡಿ.

ಕಳಸದ ಬೆಳೆಗಾರ: ಮೇಡಂ, ನಿಮ್ಮ ಜೆರಾಕ್ಸಿಗಿಂತ ನನ್ನ ಬೋರರ್ ವಿಷಯಕ್ಕೆ ಹತ್ತಿರ ಇದೆ. ‘ಚಿದಂಬರ ರಹಸ್ಯ’ದಲ್ಲಿ ಪತ್ತೆದಾರಿಕೆಗೆ ಕಾರಣವೇ ಏಲಕ್ಕಿ ಇಳುವರಿ ಕುಸಿದದ್ದು. ಬೆಳೆ ಕಳಕೊಂಡವನಿಗೇ ಅದರ ಸಂಕಟ ಗೊತ್ತಾಗುವುದು.

ಧಾರವಾಡದ ಓದುಗಿ: ಹಾಗಾದರೆ ತೋಟ ಇಲ್ಲದವರು ತೇಜಸ್ವಿ ಓದಬಾರದಾ? ಇದು ಯಾವ ನ್ಯಾಯ?

ಮೈಸೂರಿನ ಮೇಷ್ಟ್ರು: ಇಬ್ಬರೂ ಸ್ವಲ್ಪ ನಿಲ್ಲಿಸಿ. 1973ರ ‘ಅಬಚೂರಿನ ಪೋಸ್ಟಾಫೀಸು’ ತಗೊಂಡು ಮುನ್ನುಡಿಯಿಂದ ಶುರು ಮಾಡಬೇಕು. ಆಗ ಕನ್ನಡದಲ್ಲಿ ಜೋರಾಗಿದ್ದ ನವ್ಯ ಸಾಹಿತ್ಯದ ದಾರಿ ಬಿಟ್ಟು ಹೊಸ ದಾರಿ ಹುಡುಕಬೇಕು ಅಂತ ಅಲ್ಲೇ ನೇರವಾಗಿ ಹೇಳಿದ್ದಾರೆ. ನಾನು ಅದಕ್ಕೂ ಹಿಂದಿನ ‘ಸ್ವರೂಪ’ವನ್ನು ಮೊದಲು ಹಿಡಿದೆ. ಹಿಡಿಸಲಿಲ್ಲ. ಈ ಲೇಖಕ ನನಗಲ್ಲ ಅಂತ ಆರು ವರ್ಷ ದೂರ ಇದ್ದೆ. 2007ರ ಏಪ್ರಿಲ್‌ನಲ್ಲಿ ಅವರು ಹೋದರು. ಆಗ ನನ್ನ ಕಪಾಟಿನಲ್ಲಿ ಅವರದು ಆ ಒಂದೇ ಪುಸ್ತಕ. ಉಳಿದದ್ದೆಲ್ಲ ಓದಿದ್ದು ಆಮೇಲೆ. ಓದಿದ್ದರೆ ಒಂದು ಕಾಗದ ಬರೆಯಬಹುದಿತ್ತು, ಮೂಡಿಗೆರೆಗೆ ಬಸ್ಸು ಹತ್ತಬಹುದಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಪುಣೆಯ ಅಮ್ಮ: ನನ್ನದು ‘ಪರಿಸರದ ಕಥೆ’. ಮಗನಿಗೆ 11 ವರ್ಷ, ಇಲ್ಲಿ ಶಾಲೆಯಲ್ಲಿ ಕನ್ನಡ ಇಲ್ಲ. ಅಕ್ಷರ ಕಲಿಸಲು ಟ್ಯೂಷನ್‌ಗೆ ತಿಂಗಳಿಗೆ 1,200ರಂತೆ ಏಳು ತಿಂಗಳು ಕೊಟ್ಟೆ, ಒತ್ತಕ್ಷರ ಬಂದ ಕೂಡಲೇ ಅಳು. ಕೊನೆಗೆ ನಾನೇ ‘ಕಿವಿಯೊಡನೆ ಒಂದು ದಿನ’ ದಿನಾ ಅರ್ಧ ಪುಟ ಓದತೊಡಗಿದೆ. ನಾಯಿಯ ಹೆಸರು ಕಿವಿ ಅಂದದ್ದಕ್ಕೆ ತನ್ನ ಕಿವಿ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕ. ಐದನೇ ದಿನ ಪುಸ್ತಕ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಬೆರಳಿಟ್ಟು ಓದಿದ.

ಮೈಸೂರಿನ ಮೇಷ್ಟ್ರು: ಸಂತೋಷ ಅಮ್ಮಾ. ಆದರೆ ಅವು ಕಥೆಗಳಲ್ಲ, ಅನುಭವದ ಬರಹಗಳು. ಅವರು ಕೇಳಿದ್ದು ಕಥೆಯೋ ಲೇಖನವೋ ಅಂತ. ಹೀಗೆ ಕಲೆಸಿದರೆ ಗೊಂದಲ.

ಪುಣೆಯ ಅಮ್ಮ: ಮೇಷ್ಟ್ರೇ, ಹೆಸರಿನಲ್ಲೇ ಕಥೆ ಅಂತ ಇದೆ, ಇಟ್ಟದ್ದು ನಾನಲ್ಲ. ನನ್ನ ಮಗನೂ ಅದನ್ನು ಕೇಳಲಿಲ್ಲ. ಆಮೇಲೆ ಆ ನಾಯಿ ಏನಾಯ್ತು ಅಂತ ಕೇಳಿದ.