ಪ್ರೋಗ್ರೆಸಿವ್ ಮೆಟಲ್ ಅಂದರೆ ನಿಜವಾಗಿ ಏನು? ಸ್ವಲ್ಪ ಬಿಡಿಸಿ ಹೇಳಿ

ಮಾಳಿಗೆ_ಮೇಲೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಓಣಿಯ ಗುಡಿಯಲ್ಲಿ ಸೋಮವಾರದ ಭಜನೆಗೆ ತಬಲಾ ಬಾರಿಸುತ್ತೇನೆ. ಮೆಟಲ್ ಅಂದರೆ ನನಗೆ ಗೊತ್ತಿದ್ದದ್ದು ಐರನ್ ಮೇಡನ್, ಮೆಟಾಲಿಕಾ ಅಷ್ಟೇ. ಹೋದ ವಾರ ಸೆಕೆ ತಡೆಯಲಾರದೆ ಮಾಳಿಗೆ ಮೇಲೆ ಹಾಸಿಗೆ ಹಾಸಿದ್ದೆವು. ತಮ್ಮ ಹೆಡ್‌ಫೋನ್ ಕೊಟ್ಟು ಡ್ರೀಮ್ ಥಿಯೇಟರ್ ಅನ್ನೋ ಬ್ಯಾಂಡಿನ ಎರಡು ಹಾಡು ಕೇಳಿಸಿದ. ಮೊದಲನೆಯದು 'ಪುಲ್ ಮಿ ಅಂಡರ್'. ಎಂಟು ನಿಮಿಷ ಓಡಿ, ಕರೆಂಟ್ ಹೋದ ಹಾಗೆ ತಟ್ಟನೆ ನಿಂತಿತು. ಫೋನ್ ಬಂದ್ ಆಯಿತು ಅಂದುಕೊಂಡೆ, ಅದು ಮುಗಿಯುವುದೇ ಹಾಗಂತೆ. ಎರಡನೆಯದು 'ಮೆಟ್ರೊಪೊಲಿಸ್' ಮೊದಲ ಭಾಗ. ಅದರಲ್ಲಿ ಬೆರಳು ಎಣಿಸುತ್ತಾ ಹೋದೆ, ನಡುವೆ ಎಲ್ಲೋ ತಾಳ ತಪ್ಪಿತು, ಮತ್ತೆ ಹಿಡಿದೆ, ಮತ್ತೆ ತಪ್ಪಿತು.

ಕಷ್ಟ ಇದ್ದರೆ ಪ್ರೋಗ್ರೆಸಿವ್ ಅನ್ನುತ್ತಾರಾ? ಉದ್ದ ಇದ್ದರೆ? ಬರೀ ಮೆಟಲ್‌ಗೂ ಇದಕ್ಕೂ ಗೆರೆ ಎಲ್ಲಿ ಎಳೆಯುತ್ತೀರಿ? ಏನೂ ಪೂರ್ತಿ ತಿಳಿಯದಿದ್ದರೂ ಅವತ್ತಿನಿಂದ ದಿನಾ ರಾತ್ರಿ ಅದನ್ನೇ ಹಾಕುತ್ತಿದ್ದೇನೆ. ಯಾಕೆ ಅಂತ ನನಗೇ ಗೊತ್ತಾಗಬೇಕು.

ಬೇಸ್_ಬೀದರ್

ಉದ್ದ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ. ಸಾಮಾನ್ಯ ಹಾಡಿನಲ್ಲಿ ಪಲ್ಲವಿ ಬರುತ್ತದೆ, ಚರಣ ಬರುತ್ತದೆ, ಮತ್ತೆ ಪಲ್ಲವಿಗೆ ವಾಪಸ್. ಇಲ್ಲಿ ಹಾಗೆ ಮನೆಗೆ ಮರಳಲೇಬೇಕು ಅನ್ನೋ ಕಟ್ಟು ಇಲ್ಲ. ಹೊಸ ಭಾಗ, ಅದಕ್ಕೆ ಹೊಸ ವೇಗ, ಹೊಸ ಎಣಿಕೆ. ಆದರೆ ಮೊದಲು ಕೇಳಿದ ಒಂದು ಚಿಕ್ಕ ಸ್ವರಗುಚ್ಛ ಆರು ನಿಮಿಷ ಆದ ಮೇಲೆ ಬೇರೆ ವೇಷದಲ್ಲಿ ಬಂದು ನಿಲ್ಲುತ್ತದೆ. ಅದನ್ನು ಗುರುತಿಸಿದಾಗ ಆಗುವ ಖುಷಿ ಇದೆಯಲ್ಲ, ನನಗೆ ಈ ಸಂಗೀತ ಹಿಡಿಸಿದ್ದೇ ಅದಕ್ಕೆ.

ಹುಟ್ಟಿದ ಬಗೆ ನೋಡಿದರೆ ಇನ್ನೂ ಸ್ಪಷ್ಟ ಆಗುತ್ತದೆ. ಇಂಗ್ಲೆಂಡಿನಲ್ಲಿ ಕಿಂಗ್ ಕ್ರಿಮ್ಸನ್ 1969ರಲ್ಲಿ ಮೊದಲ ಆಲ್ಬಂ ತಂದಿತು, ಅದೇ ಕಾಲದಲ್ಲಿ ಯೆಸ್, ಜೆನೆಸಿಸ್ ಬ್ಯಾಂಡುಗಳೂ ಬಂದವು. ಇವರೆಲ್ಲ ರಾಕ್ ಸಂಗೀತಕ್ಕೆ ಜಾಝ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೆರೆಸಿ ಉದ್ದುದ್ದ ಕಟ್ಟಿದರು. ಕೆನಡಾದ ರಷ್ 1976ರಲ್ಲಿ '2112' ಅಂತ ಒಂದು ಹಾಡಿಗೇ ರೆಕಾರ್ಡಿನ ಒಂದು ಪೂರ್ತಿ ಮಗ್ಗುಲು ಕೊಟ್ಟಿತು, ಇಪ್ಪತ್ತು ನಿಮಿಷ! ಇನ್ನೊಂದು ಕಡೆ ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್ ಅವರ ಭಾರವಾದ ಗಿಟಾರ್. ಎಂಬತ್ತರ ದಶಕದಲ್ಲಿ ಅಮೆರಿಕದ ಹುಡುಗರು ಈ ಎರಡನ್ನೂ ಕೂಡಿಸಿದರು. ಫೇಟ್ಸ್ ವಾರ್ನಿಂಗ್, ಕ್ವೀನ್ಸ್‌ರೈಕ್. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದ ಮೂವರು 1985ರಲ್ಲಿ ಮೆಜೆಸ್ಟಿ ಅಂತ ಬ್ಯಾಂಡ್ ಕಟ್ಟಿದರು. ಅದೇ ಆಮೇಲೆ ಡ್ರೀಮ್ ಥಿಯೇಟರ್ ಆಯಿತು. ನೀವು ಕೇಳಿದ ಎರಡೂ ಹಾಡು ಅವರ 1992ರ ಆಲ್ಬಂನವು.

1999ರ 'ಸೀನ್ಸ್ ಫ್ರಮ್ ಎ ಮೆಮೊರಿ' ತಪ್ಪದೆ ಕೇಳಿ. ಇಡೀ ಆಲ್ಬಂ ಒಂದೇ ಕಥೆ, ಹಿಂದಿನ ಜನ್ಮ, ಒಂದು ಕೊಲೆ. ದೊಡ್ಡಾಟ ರಾತ್ರಿಯಿಡೀ ನೋಡಿದ ಹಾಗೆ ಕೂತು ಕೇಳಬೇಕು, ನಡುವೆ ಒಂದು ಪ್ರವೇಶ ಮಾತ್ರ ನೋಡಿದರೆ ಏನೂ ದಕ್ಕುವುದಿಲ್ಲ.

ಏಳು_ಮಾತ್ರೆ (ಯಾದಗಿರಿ)

ನೀವು ತಬಲಾ ಬಾರಿಸುತ್ತೀರಿ ಅಂದಿರಲ್ಲ, ನಿಮಗೆ ಹೇಳುವುದು ಸುಲಭ. ಟೂಲ್ ಬ್ಯಾಂಡಿನ 'ಸ್ಕಿಸಮ್' ಹಾಕಿ, 2001ರದ್ದು. ಬೇಸ್ ಗಿಟಾರಿನ ಮುಖ್ಯ ಸಾಲು ಒಮ್ಮೆ ಐದು ಎಣಿಕೆ, ಒಮ್ಮೆ ಏಳು ಎಣಿಕೆ. ಕೂಡಿಸಿದರೆ ಹನ್ನೆರಡು, ಅಂದರೆ ಏಕತಾಲದಷ್ಟೇ ಮಾತ್ರೆ (ತಾಳದ ಎಣಿಕೆ). ಆದರೆ ಏಕತಾಲ ಎರಡೆರಡಾಗಿ ಸಮ ಸಮ ನಡೆಯುತ್ತದೆ, ಇದು ಐದಕ್ಕೆ ಒಮ್ಮೆ ಮುರಿಯುತ್ತದೆ. ಅದಕ್ಕೇ ಹನ್ನೆರಡು ಬಾರಿಸಿದ ಕೈಗೂ ಇದು ಕುಂಟಿದ ಹಾಗೆ ಕೇಳಿಸುತ್ತದೆ.

ಇನ್ನೊಂದು, ಸ್ವೀಡನ್ನಿನ ಮೆಶುಗಾ. ಅವರ ಡ್ರಮ್ಮರ್ ಒಂದು ಕೈಯಲ್ಲಿ ಸಿಂಬಲ್ ಮೇಲೆ ನಾಲ್ಕು ನಾಲ್ಕು ಹೊಡೆಯುತ್ತಲೇ ಇರುತ್ತಾರೆ. ಕಾಲುಗಳು ಮಾತ್ರ ಗಿಟಾರಿನ ಬೆಸ ಎಣಿಕೆಯ ಹಿಂದೆ ಹೋಗುತ್ತವೆ. ಸುಮ್ನೆ ಒಂದು ಉದಾಹರಣೆ: ಗಿಟಾರ್ ಸಾಲು ಏಳು, ಸಿಂಬಲ್ ನಾಲ್ಕು ಅಂತಿಟ್ಟುಕೊಳ್ಳಿ. ಎರಡೂ ಒಟ್ಟಿಗೆ ಬಂದು ಸಮಕ್ಕೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ, ಬೀಳುವುದು ಇಪ್ಪತ್ತೆಂಟು ಮಾತ್ರೆ ಆದ ಮೇಲೆ. ಎಷ್ಟೋ ಸಲ ಅಷ್ಟು ದೂರ ಕಾಯದೆ ಕೊನೆಯ ತುಂಡನ್ನು ಕತ್ತರಿಸಿ ಸಮಕ್ಕೆ ತರುತ್ತಾರೆ. ತಿಹಾಯಿ, ಅಂದರೆ ಮೂರು ಸಲ ಬಾರಿಸುವ ಒಂದೇ ತುಂಡು, ಮೂರನೇ ಸಲ ಬಂದು ಸಮಕ್ಕೆ ಕೂತಾಗ ಸಭೆಯವರೆಲ್ಲ ತಲೆದೂಗುತ್ತಾರಲ್ಲ, ಅದೇ ಅನುಭವ. ತಲೆದೂಗುವುದು ಇಲ್ಲಿ ಸ್ವಲ್ಪ ಜೋರು.

ಒಂದು ಮಾತು ಮಾತ್ರ ನೆನಪಿಡಿ. ನಮ್ಮಲ್ಲಿ ಬಂದಿಶ್ (ರಾಗದ ಹಾಡು) ಝಪ್‌ತಾಲದಲ್ಲಿ ಶುರುವಾದರೆ ಕೊನೆವರೆಗೂ ಹತ್ತೇ ಮಾತ್ರೆ, ಅದರೊಳಗೇ ಆಟ. ಇಲ್ಲಿ ತಾಳವೇ ನಡುದಾರಿಯಲ್ಲಿ ಬದಲಾಗುತ್ತದೆ. ಡ್ರೀಮ್ ಥಿಯೇಟರ್‌ನ 'ದಿ ಡಾನ್ಸ್ ಆಫ್ ಎಟರ್ನಿಟಿ'ಯಲ್ಲಿ ಸುಮಾರು ಆರು ನಿಮಿಷದಲ್ಲಿ ನೂರಕ್ಕಿಂತ ಜಾಸ್ತಿ ಸಲ ಬದಲಾಗುತ್ತದೆ. ಅದಕ್ಕೆ 'ಇದು ನಮ್ಮ ತಾಳವೇ' ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಾಯುವ ಸುಖ ಒಂದೇ, ಕಟ್ಟುವ ರೀತಿ ಬೇರೆ.

ರಾತ್ರಿ_ಪಾಳಿ (ಸೇಡಂ)

ಎಣಿಕೆಯ ಮಾತು ಜಾಸ್ತಿ ಆಯಿತು ಅನ್ನಿಸುತ್ತದೆ. ನನಗೆ ಒಂದು ತಾಳವೂ ಗೊತ್ತಿಲ್ಲ. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವಾಗ ಓಪೆತ್ ಅನ್ನೋ ಬ್ಯಾಂಡನ್ನು ಕೇಳುತ್ತೇನೆ, ಹನ್ನೆರಡು ವರ್ಷ ಆಯಿತು. 2001ರ 'ಬ್ಲ್ಯಾಕ್‌ವಾಟರ್ ಪಾರ್ಕ್' ಒಮ್ಮೆ ಕೇಳಿ ನೋಡಿ. ಅವರ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಒಬ್ಬರೇ ಹೊಟ್ಟೆಯಾಳದಿಂದ ಘರ್ಜಿಸುತ್ತಾರೆ, ಮರುಗಳಿಗೆ ಅದೇ ಗಂಟಲಲ್ಲಿ ಜೋಗುಳದಷ್ಟು ಮೆಲ್ಲಗೆ ಹಾಡುತ್ತಾರೆ. ಸಿಟ್ಟು ಇಳಿದ ಮೇಲೆ ಮನುಷ್ಯನಿಗೆ ಬರುವ ಸಂಕಟ ಇರುತ್ತದಲ್ಲ, ಅದು ಆ ನಡುವಿನ ಜಾಗದಲ್ಲಿ ಕೇಳಿಸುತ್ತದೆ. ಅಪ್ಪ ತೀರಿದ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಾಡುಗಳು. ಎಣಿಸಿದ್ದರೆ ಅದು ಸಿಗುತ್ತಿತ್ತಾ?

ಪ್ರೋಗ್ರೆಸಿವ್ ಅಂದರೆ ನನ್ನ ಪ್ರಕಾರ ಇಷ್ಟೇ, ತಾನು ಮಾಡಿದ್ದನ್ನೇ ಮತ್ತೆ ಮಾಡದಿರುವುದು. ಓಪೆತ್ 2003ರಲ್ಲಿ ಘರ್ಜನೆಯೇ ಇಲ್ಲದ 'ಡ್ಯಾಮ್ನೇಶನ್' ತಂದರು. 2011ರ 'ಹೆರಿಟೇಜ್'ನಿಂದ ಮುಂದೆ ಎಷ್ಟೋ ವರ್ಷ ಘರ್ಜನೆ ಬಿಟ್ಟೇಬಿಟ್ಟರು. ಹಳೇ ಅಭಿಮಾನಿಗಳಿಗೆ ಬೇಜಾರಾಯಿತು, ನನಗೂ ಆಯಿತು. 2024ರಲ್ಲಿ ಮತ್ತೆ ತಂದರು. ಡ್ರೀಮ್ ಥಿಯೇಟರ್ ಶೈಲಿಯನ್ನೇ ಮೂವತ್ತು ವರ್ಷ ನಕಲು ಮಾಡುವ ಬ್ಯಾಂಡುಗಳು ಎಷ್ಟೇ ಬೇಗ ಬೆರಳಾಡಿಸಲಿ, ಅವರನ್ನು ನಾನು ಪ್ರೋಗ್ರೆಸಿವ್ ಅನ್ನುವುದಿಲ್ಲ.

ಬೇಸ್_ಬೀದರ್

ರಾತ್ರಿ ಪಾಳಿಯವರ ಮಾತಿಗೆ ಅರ್ಧ ಒಪ್ಪಿಗೆ. ಬರೀ ಬೆರಳಿನ ಚುರುಕು ನನಗೂ ಬೇಸರ. ಆದರೆ 'ಬದಲಾಗುವುದು' ಅನ್ನುವುದೊಂದನ್ನೇ ಹಿಡಿದರೆ ಯಾವ ಬ್ಯಾಂಡನ್ನಾದರೂ ಇದರೊಳಗೆ ಸೇರಿಸಬಹುದು. ಮೆಟಾಲಿಕಾ ಕೂಡ ತೊಂಬತ್ತರ ದಶಕದಲ್ಲಿ ಪೂರ್ತಿ ಬದಲಾಯಿತು, ಅದನ್ನು ಪ್ರೋಗ್ರೆಸಿವ್ ಅನ್ನುತ್ತೇವಾ? ಹಾಡಿನ ಒಳಗಿನ ಕಟ್ಟಡವೂ ಬೇಕು. ಭಾರ ಬೇಕು, ಕಟ್ಟಡ ಬೇಕು, ಆ ಕಟ್ಟಡ ಏನನ್ನಾದರೂ ಹೇಳುತ್ತಿರಬೇಕು. ಮೂರನೆಯದು ಇಲ್ಲದಿದ್ದರೆ ಅದು ಬರೀ ಅಭ್ಯಾಸದ ಪಾಠ.

ಮಾಳಿಗೆ_ಮೇಲೆ

ಎಲ್ಲರಿಗೂ ಭಾಳ ಥ್ಯಾಂಕ್ಸ್. ನಿನ್ನೆ ರಾತ್ರಿ 'ಸ್ಕಿಸಮ್' ಹಾಕಿ ತೊಡೆ ಮೇಲೆ ಎಣಿಸಿದೆ. ನಾಲ್ಕನೇ ಸಲಕ್ಕೆ ಐದು, ಏಳು ಕೈಗೆ ಕೂತಿತು, ನಡುವಿನ ಭಾಗದಲ್ಲಿ ಮತ್ತೆ ಜಾರಿತು. ಜಾರಿದಾಗ ಮೊದಲಿನ ಹಾಗೆ ಗಾಬರಿ ಆಗಲಿಲ್ಲ, ಮುಂದೆ ಎಲ್ಲೋ ಸಿಗುತ್ತದೆ ಅಂತ ಕಾಯುತ್ತಾ ಕೂತೆ, ಸಿಕ್ಕಿತು. ಓಪೆತ್ ಘರ್ಜನೆ ಕೇಳಿ ಅವ್ವ ಎದ್ದು ಬಂದು ಏನಾಯಿತು ಅಂತ ಕೇಳಿದಳು, ಮೆಲ್ಲಗಿನ ಭಾಗ ಬಂದಾಗ ಅವಳೂ ಸ್ವಲ್ಪ ಹೊತ್ತು ಕೂತಳು.

ನಮ್ಮ ಕಡೆಯವರು ಯಾರಾದರೂ ಇಂಥದ್ದು ಮಾಡುತ್ತಾರಾ?

ಏಳು_ಮಾತ್ರೆ

ಬೆಂಗಳೂರಿನ ಪ್ರಾಜೆಕ್ಟ್ ಮಿಶ್ರಂ ಕೇಳಿ. ಕರ್ನಾಟಕ ಸಂಗೀತ ಮತ್ತು ಮೆಟಲ್ ಸೇರಿಸುತ್ತಾರೆ, ಗಿಟಾರ್ ಜೊತೆ ಕೊಳಲು, ಪಿಟೀಲು ಇರುತ್ತವೆ. ದೆಹಲಿಯಲ್ಲಿ ಹುಟ್ಟಿದ ಸ್ಕೈಹಾರ್ಬರ್ ಕೂಡ ಚೆನ್ನಾಗಿದೆ. ನಮ್ಮ ಜಿಲ್ಲೆಗಳ ಬ್ಯಾಂಡ್ ನಾನು ಇನ್ನೂ ಕೇಳಿಲ್ಲ. ತತ್ವಪದದ ಏಕತಾರಿ, ಮೊಹರಂ ಹಲಗೆ, ರಿವಾಯತ್ ಪದ ಎಲ್ಲ ಇರುವ ಊರುಗಳು ನಮ್ಮವು, ಇದರ ಮೇಲೆ ಯಾರಾದರೂ ಭಾರವಾದ ಗಿಟಾರ್ ಇಟ್ಟು ನೋಡಬೇಕು ಅಂತ ಎಷ್ಟೋ ದಿನದಿಂದ ಆಸೆ. ಬೀದರಿನವರ ಹತ್ತಿರ ಬೇಸ್ ಇದೆ, ನಿಮ್ಮ ಹತ್ತಿರ ತಬಲಾ ಇದೆ. ನಾನು ಡ್ರಮ್ಸ್ ಬಾರಿಸುತ್ತೇನೆ. ಒಂದು ಭಾನುವಾರ ಕಲಬುರಗಿಯಲ್ಲಿ ಕೂಡೋಣವಾ?